ಬಿದ್ದವನಿಗೆ ಹೊಡೆಯುವ ಆಟ

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಮಕರಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರನ ಕಾಲರ್ ಹಿಡಿದು ಕೆಲಸ ಕಳಕೊಂಡೆ. ಆಮೇಲೆ ಆ ಕಡೆ ಯಾರೂ ನನ್ನನ್ನು ಗೇಟಿನೊಳಗೆ ಬಿಡಲಿಲ್ಲ. ಗಂಟುಮೂಟೆ ಕಟ್ಟಿ ಅಹಮದಾಬಾದಿಗೆ ಬಂದು, ಅಲ್ಲಿನ ವಸ್ತ್ರಾಪುರದ ಫ್ಲ್ಯಾಟಿನಲ್ಲಿದ್ದ ಧಾರವಾಡದ ಕಾಲೇಜು ದೋಸ್ತನ ಜೊತೆ ಇಳಿದೆ.

ಇಬ್ಬರೂ ಸೇರಿ ಒಂದು ಗುದ್ದಾಟದ ಗೇಮ್ ಮಾಡಿದೆವು. ಕೋಡ್ ನನ್ನದು. ಚಿತ್ರ ಬಿಡಿಸುವುದು, ಆಡಿ ನೋಡುವುದು ಅವನದು. ಅದರ ಕೊನೆಯ ಪೈಲ್ವಾನನಿಗೆ ಸ್ವಂತ ಬುದ್ಧಿ ಇಲ್ಲ. ಹಿಂದಿನ ಪಂದ್ಯಗಳಲ್ಲಿ ನೀವು ಹೇಗೆ ಗುದ್ದಿದಿರಿ, ಹೇಗೆ ತಪ್ಪಿಸಿಕೊಂಡಿರಿ ಎಲ್ಲ ಒಂದು ಸೇವ್ ಫೈಲಿನಲ್ಲಿ ಕೂಡುತ್ತಾ ಹೋಗುತ್ತದೆ. ಕೊನೆಗೆ ಅವನು ಥೇಟ್ ನಿಮ್ಮ ಹಾಗೇ ಆಡಿ ನಿಮ್ಮನ್ನೇ ಬಡಿಯುತ್ತಾನೆ. ಅವನನ್ನು ತೋರಿಸಬೇಕೆಂದರೆ ಯಾರಾದರೂ ಮೊದಲಿಂದ ಕೂತು ಆಡಲೇಬೇಕು, ಅಡ್ಡದಾರಿ ಇಲ್ಲ. ದೋಸ್ತ ಆರು ವಾರ ಆಡಿದ.

ಬಿದ್ದವನ ಮುಖಕ್ಕೆ ಒದ್ದರೆ ಮೂರು ಹಲ್ಲು ಹಾರುವ ಹಾಗೆ ಮಾಡಿದ್ದು ನಾನು. ಭಾರಿ ಹೆಮ್ಮೆ ನನಗೆ! ಅದರ ಮೇಲೇ ನಮಗೆ ದಿನಾ ಜಗಳ.

"ಬಿದ್ದವಗ ಹೊಡಿಯೂದು ಏನ್ ಗಂಡಸುತನಲೇ? ತಗಿ ಅದನ್ನ," ಅನ್ನುತ್ತಿದ್ದ.

"ನೀ ಸುಮ್ನ ಬಣ್ಣ ಹಚ್ಚಲೇ," ಅನ್ನುತ್ತಿದ್ದೆ.

ಊರಿನ ಸ್ಯಾಟಲೈಟ್ ಬಡಾವಣೆಯ ಒಂದು ಕಂಪನಿಯವರು ಒಂದೇ ಒಂದು ಸಲ ನೋಡಲು ಒಪ್ಪಿದರು. ಕೊನೆಯ ಪಂದ್ಯ ಕಣ್ಣೆದುರು ನಡೆದರೆ ಗೇಮ್ ತಗೋತೀವಿ, ಇಲ್ಲಾಂದ್ರೆ ನಮಸ್ಕಾರ ಅಂದರು. ಅದು ತಪ್ಪಿದರೆ ನನಗೆ ಬೇರೆ ಗತಿ ಇರಲಿಲ್ಲ.

ಅವತ್ತು ಬೆಳಿಗ್ಗೆ ಕಂಪ್ಯೂಟರನ್ನೇ ಆಟೋದಲ್ಲಿ ಒಯ್ಯುವುದೆಂದು ಹೊರಟಿದ್ದೆವು. ನಾನು ಗೇಮ್ ಮುಚ್ಚಿದೆ. ಮುಚ್ಚುವಾಗ ಅದು ಎಲ್ಲ ಪಂದ್ಯಗಳನ್ನೂ ಮತ್ತೆ ಸೇವ್ ಮಾಡುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮಾನಿಟರ್ ಬಿಚ್ಚಿಟ್ಟೆ. ಸೇವ್ ಇನ್ನೂ ನಡೀತಿದೆ ಅಂತ ಅವನಿಗೆ ಹೇಳಲಿಲ್ಲ.

ನಾವು ಒಮ್ಮೆ ಇಸ್ತ್ರಿಪೆಟ್ಟಿಗೆ ಆರಿಸದೆ ಹೋಗಿದ್ದಕ್ಕೆ, ಬಾಗಿಲು ಹಾಕುವ ಮುಂಚೆ ಮೇನ್ ಸ್ವಿಚ್ ಆರಿಸಲೇಬೇಕೆಂದು ಕೆಳಗಿನ ಮನೆಯಲ್ಲಿದ್ದ, ನಾವು ಮಾಸಿ ಅಂತ ಕರೆಯುವ ಮಾಲಕಿಯ ಕಟ್ಟಪ್ಪಣೆ. ದೋಸ್ತ ಬೂಟು ಹಾಕಿಕೊಂಡ. ಕಪ್ಪು ಮಾನಿಟರ್ ನೋಡಿ ಎಲ್ಲ ಬಂದ್ ಆಗಿದೆ ಅಂದುಕೊಂಡು ಮೇನ್ ಆರಿಸಿಬಿಟ್ಟ. ಕಂಪ್ಯೂಟರಿನ ಗುಂಯ್ ಸದ್ದು ನಿಂತಿತು.

ಮೇನ್ ಹಾಕಿ, ಮಾನಿಟರ್ ಜೋಡಿಸಿ ಮತ್ತೆ ಹಚ್ಚಿ ನೋಡಿದೆ. ಸೇವ್ ಫೈಲಿನ ಹೆಸರು ಇತ್ತು, ಒಳಗೆ ಸೊನ್ನೆ.

"ಕೇಳಿಲ್ಲೆ, ಇನ್ನೊಂದ..." ಅಂದ ಅವನು. ಬಾಯಿಯ ಮೇಲೇ ಗುದ್ದಿದೆ. "ಪೆನ್..." ಅಂದ. ಮತ್ತೊಂದು ಬಿಟ್ಟೆ. ತುಟಿ ಸೀಳಿ ನನ್ನ ಮುಷ್ಟಿಯೆಲ್ಲ ರಕ್ತ. ಗೋಡೆಗೆ ತಲೆ ಬಡಿದು ಚಪ್ಪಲಿಗಳ ಮೇಲೆ ಬಿದ್ದ. ಬಿದ್ದವನ ಮುಖಕ್ಕೆ ಒದ್ದೆ. ಒಂದು ಹಲ್ಲು ಜಾರಿ ನೆಲದ ಮೇಲೆ ಬಿತ್ತು, ಗೇಮಿನಲ್ಲಿ ಬರುವಂಥ ಸದ್ದೇನೂ ಬರಲಿಲ್ಲ.

ಅವನು ಪ್ಯಾಂಟಿನ ಜೇಬಿಗೆ ಕೈ ಹಾಕಿದ. ನಾನು ಮತ್ತೆ ಕಾಲೆತ್ತಿದೆ, ಥೂ ನನ್ನ ಜನ್ಮಕ್ಕೆ! ಅವನು ಹೊರತೆಗೆದದ್ದು ಪೆನ್‌ಡ್ರೈವ್.

"ಮುಂಜಾನೆ ಕಾಪಿ ಮಾಡೀನಿ," ಅಂದ, ರಕ್ತ ಉಗುಳುತ್ತಾ. "ದಿನಾ ಮಾಡ್ತೀನಿ. ನಿನ್ನ ಕೋಡ್ ನಂಬೂದು ಹ್ಯಾಂಗ?"

ನಂಬದೇ ಇದ್ದದ್ದು ಸರಿಯೇ. ನನ್ನ ಕೋಡ್ ಹಳೆಯ ಫೈಲನ್ನು ಮೊದಲು ಖಾಲಿ ಮಾಡಿ, ಆಮೇಲೆ ಅದರೊಳಗೇ ಹೊಸದನ್ನು ಬರೆಯುತ್ತಿತ್ತು. ಹೊಸದನ್ನು ಪಕ್ಕದಲ್ಲಿ ಪೂರ್ತಿ ಬರೆದು, ನೆಟ್ಟಗಿದೆಯಾ ನೋಡಿ, ಆಮೇಲಷ್ಟೇ ಹಳೆಯದನ್ನು ತೆಗೆಯಬೇಕು. ನಲ್ಲಿಗೆ ನೀರು ಬರುವ ಮುಂಚೆ ನಮ್ಮವ್ವ ಹಳೆ ನೀರು ಚೆಲ್ಲುತ್ತಿರಲಿಲ್ಲ. ತಪ್ಪು ನನ್ನದು, ಹಲ್ಲು ಅವನದು. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬಂದೀತೇ ಅಂತ ಅವ್ವ ಸಾವಿರ ಸಲ ಹೇಳಿದ್ದಳು.

ಗಲಾಟೆ ಕೇಳಿ ಮಾಸಿ ಓಡಿ ಬಂದರು. ನನ್ನ ಮುಖ ಕೂಡ ನೋಡದೆ ಅವನ ಬಾಯಿಗೆ ಟವೆಲ್ ಒತ್ತಿ ಡಾಕ್ಟರ ಹತ್ತಿರ ಕರಕೊಂಡು ಹೊರಟರು. "ನೀ ಹೋಗಿ ತೋರಿಸು, ಇಲ್ಲಾಂದ್ರ ಇದೂ ದಂಡ," ಅಂದ ಅವನು. ನಾನು ಹೋದೆ. ಹೋದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸ್ಯಾಟಲೈಟ್‌ನ ಆಫೀಸಿನಲ್ಲಿ ಪೆನ್‌ಡ್ರೈವಿನ ಫೈಲ್ ಹಾಕಿ ನಾನೇ ಆಡಲು ಕೂತೆ. ಕೊನೆಯ ಪೈಲ್ವಾನ ಬಂದ. ನಾಲ್ಕೇ ಏಟಿಗೆ ನನ್ನನ್ನು ಕೆಡವಿದ. ಇನ್ನೇನು ಮುಖಕ್ಕೆ ಒದೆ ಬೀಳುತ್ತದೆ ಅಂದುಕೊಂಡೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೈ ಇಳಿಸಿ, ನಾನು ಏಳುವ ತನಕ ಕಾದ. ಮತ್ತೆ ಕೆಡವಿದ, ಮತ್ತೆ ಕಾದ.

"ಮುಗಿಸೋ ಚಾನ್ಸ್ ಇದ್ದರೂ ಮುಗಿಸ್ತಿಲ್ಲವಲ್ಲ. ಇದು ಕೋಡಿನ ಬಗ್ ಅಲ್ವಾ?" ಅಂತ ಅಲ್ಲಿನ ದೊಡ್ಡವರು ಹಿಂದಿಯಲ್ಲಿ ಕೇಳಿದರು.

"ಬಗ್ ಅಲ್ಲ ಸರ್. ಆರು ವಾರ ಆಡಿದವನು ಹಾಗಿದ್ದಾನೆ."

"ಭಲೇ! ಎಲ್ಲಿ ಅವನು? ಕರಕೊಂಡು ಬರಬೇಕಿತ್ತು."

"ಹಲ್ಲಿನ ಡಾಕ್ಟರ ಹತ್ತಿರ ಇದ್ದಾನೆ ಸರ್," ಅಂದೆ. "ನಾನೇ ಹೊಡೆದೆ. ಬಿದ್ದ ಮೇಲೂ ಹೊಡೆದೆ."