ಎದೆಯ ಮೇಲೆ ಬೆಳಕಿನ ಚೌಕಗಳು

ನಾಲ್ಕು ವರ್ಷ ತುಂಬುವಷ್ಟರಲ್ಲಿ ನನ್ನ ಮಗಳಿಗೆ ಎರಡು ಸಲ ನ್ಯುಮೋನಿಯಾ ಆಗಿತ್ತು. ಎರಡನೆಯದು ವಾಸಿಯಾಗಿ ತಿಂಗಳುಗಳು ಕಳೆದರೂ ಕುಷಾಯಿಗೂಡದ ನಮ್ಮ ಮನೆಯ ಮೆಟ್ಟಿಲು ಹತ್ತಿದರೆ ಅವಳು ಏದುಸಿರು ಬಿಡುತ್ತಿದ್ದಳು. ಶ್ವಾಸಕೋಶ ಎಷ್ಟು ಚೇತರಿಸಿಕೊಂಡಿದೆಯೆಂದು ತಿಳಿಯಲು ಕೊಳವೆಯೊಳಗೆ ಜೋರಾಗಿ ಊದಬೇಕಿತ್ತು. ಅವಳೋ ಕೊಳವೆ ಕಂಡರೆ ಸಾಕು, ತುಟಿ ಬಿಗಿದು ಮುಖ ತಿರುಗಿಸಿಬಿಡುವಳು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿಸಿಕೊಂಡ ದಿನಗಳನ್ನು ಅವಳು ಮರೆತಿರಲಿಲ್ಲ.

“ದೊಡ್ಡಾಕಿ ಆದಮ್ಯಾಲ ಊದತಾಳ ಬಿಡವಾ,” ಅಂದರು ಅತ್ತೆ.

“ಅಲ್ಲೀತನಕಾ ಕಾಯಾಕ ಆಗೂದಿಲ್ರಿ ಅತ್ತಿ,” ಅಂದೆ.

ಮೈ ಮುಟ್ಟದೆ ಉಸಿರಾಟ ಅಳೆಯುವ ಯಂತ್ರವೊಂದು ನಾಂಪಲ್ಲಿ ಕಡೆಯ ಒಂದು ಆಸ್ಪತ್ರೆಗೆ ಬಂದಿದೆಯೆಂದು ಡಾಕ್ಟರ್ ಹೇಳಿದರು. ಹೋದೆವು. ಎದೆಯ ಮೇಲೆ ಕಪ್ಪು-ಬಿಳಿ ಚೌಕಗಳ ಬೆಳಕು ಬೀಳುತ್ತದೆ. ಉಸಿರಿನ ಜೊತೆ ಅವು ಹೇಗೆ ಅಲುಗುತ್ತವೆಂದು ಕ್ಯಾಮೆರಾ ನೋಡುತ್ತದೆ. ಮಗು ಕೆಲವು ನಿಮಿಷ ಅಲುಗದೆ ಕುಳಿತು ಸುಮ್ಮನೆ ಉಸಿರಾಡಿದರಾಯಿತು. ನನ್ನ ಮಗಳು ಆ ಚೌಕಗಳನ್ನೇ ಹಿಡಿಯಲು ಹೋದಳು. ಇನ್ನೊಂದು ವರ್ಷ ಬಿಟ್ಟು ಕರೆತನ್ನಿ ಎಂದರು ಟೆಕ್ನೀಷಿಯನ್. ಹದಿನೈದು ದಿನ ಕೊಡಿ, ಕಲಿಸಿ ತರುತ್ತೇನೆ ಎಂದು ನನ್ನ ಹರಕು ತೆಲುಗಿನಲ್ಲೇ ಹೇಳಿ ಬಂದೆ.

ಮರುದಿನದಿಂದ ಬೆಳಿಗ್ಗೆ ಸ್ಟ್ಯಾಚ್ಯೂ ಆಟ. ಬಿಳಿ ಬನಿಯನ್ ತೊಡಿಸಿ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಗಂಡ ಫ್ಯಾಕ್ಟರಿಗೆ ಹೊರಡುವ ಮುಂಚೆ ಅವಳ ಎದೆಗೆ ಟಾರ್ಚ್ ಬಿಡುತ್ತಿದ್ದರು. ಎರಡೇ ದಿನದಲ್ಲಿ ಕಲ್ಲಿನ ಹಾಗೆ ಕೂರಲು ಕಲಿತಳು. ಆದರೆ ಉಸಿರನ್ನೂ ಹಿಡಿದುಬಿಡುತ್ತಿದ್ದಳು! ಮುಖ ಕೆಂಪಾಗಿ ಕೆಮ್ಮು ಹತ್ತುತ್ತಿತ್ತು.

“ಕೂಸಿನ್ನ ಯಾಕ ಹಿಂಗ ಕಾಡಾಕತ್ತೀದಿ?” ಅತ್ತೆಗೆ ಸಿಟ್ಟು ಬಂತು. ನನಗೂ ಅಳು ಬಂತು. ಆದರೂ ಬಿಡಲಿಲ್ಲ. ನಾಲ್ಕನೆಯ ದಿನ ಅತ್ತೆಯೇ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು. “ಕೈಕಾಲಿಗಷ್ಟ ಸ್ಟ್ಯಾಚ್ಯೂ. ಹೊಟ್ಟಿ ಹಿಂಗ ಮ್ಯಾಲ-ಕೆಳಗ ಆಗಬೇಕು, ನನ್ನ ನೋಡು.” ಮೊಮ್ಮಗಳು ಅಜ್ಜಿಯ ಹೊಟ್ಟೆಯನ್ನೇ ನೋಡುತ್ತ ಉಸಿರಾಡಿದಳು.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಅತ್ತೆಯೂ ಜೊತೆಗೆ ಬಂದರು. ಬೆಳಕು ಬಿತ್ತು. “ಶಾಣ್ಯಾಕಿ, ಹಂಗ ಕೂಡು,” ಎಂದೆ.

“ಮಮ್ಮಿ, ಮಾತಾಡಬ್ಯಾಡ. ನಾ ಉಸಿರಾಡಾಕತ್ತೀನಿ!” ಎಂದು ಗದರಿದಳು. ಅಷ್ಟಕ್ಕೇ ಅಳತೆ ಕೆಟ್ಟು, ಮೊದಲಿಂದ ಶುರುಮಾಡಬೇಕಾಯಿತು. ನಾನು ಬಾಗಿಲಾಚೆ ಹೋಗಿ ನಿಂತೆ.

ಎದೆಯ ಬಲಭಾಗ ಎಡಕ್ಕಿಂತ ಕಡಿಮೆ ಅಲುಗುತ್ತಿತ್ತು. ಇದೊಂದನ್ನೇ ನಂಬಲಾಗದೆಂದು ಡಾಕ್ಟರ್ ಎಕ್ಸ್-ರೇ ಕೂಡ ತೆಗೆಸಿದರು. ಬಲ ಶ್ವಾಸಕೋಶದ ಕೆಳಭಾಗ ಇನ್ನೂ ಸರಿಯಾಗಿ ಅರಳಿರಲಿಲ್ಲ. ಔಷಧಿ ಬದಲಾಯಿಸಿದರು, ಕಫ ಸಡಿಲವಾಗಲು ಬೆನ್ನು ತಟ್ಟುವುದನ್ನು ನನಗೆ ಕಲಿಸಿದರು. ಜ್ವರ ಬಂದು ನಾನೇ ಮಲಗಿದಾಗಲೂ ಎದ್ದು ತಟ್ಟಿದೆ. ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿದಾಗ, ಪರದೆಯ ಮೇಲೆ ಎರಡೂ ಬದಿಯ ಗೆರೆಗಳು ಹೆಚ್ಚುಕಡಿಮೆ ಒಟ್ಟಿಗೇ ಏರಿಳಿದವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗವಳು ಒಂದನೇ ಕ್ಲಾಸು. ನೆಗಡಿಯಾದರೆ ನನಗಿನ್ನೂ ಭಯವೇ. ಹೋದ ತಿಂಗಳು ಶಾಲೆಯ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಂದಳು. ಆದರೆ ಎಲ್ಲಿಯೂ ನಿಲ್ಲದೆ ಓಡಿ ಬಂದಳು.