ಪೂಜೆಯಾದ ಮೇಲೆ ಮಾತ್ರೆ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಭದ್ರಾವತಿ ಹಳೇನಗರದ ಷಡಕ್ಷರಪ್ಪನವರ ಮನೆಯಲ್ಲಿ ಪದ್ಮಮ್ಮ ಆಗಲೇ ಹಾಜರ್. ಕಳೆದ ಶ್ರಾವಣದಲ್ಲಿ ಲಕ್ವ ಹೊಡೆದು ಯಜಮಾನರ ಬಲಗೈ ಬಿದ್ದುಹೋಗಿದೆ. ಎಡ ಅಂಗೈ ಮೇಲೆ ಇಷ್ಟಲಿಂಗವೇನೋ ಇದೆ, ಪತ್ರೆ ಏರಿಸಬೇಕಾದ ಕೈಯೇ ಏಳುವುದಿಲ್ಲ. ಪದ್ಮಮ್ಮ ಆ ಕೈಯನ್ನು ಎತ್ತಿ, ಬೆರಳ ಸಂದಿಗೆ ಬಿಲ್ವಪತ್ರೆ ಸಿಕ್ಕಿಸಿ, ಲಿಂಗದವರೆಗೆ ಮೆಲ್ಲಗೆ ಒಯ್ಯುತ್ತಾರೆ.

“ಬೇಗ ಮುಗ್ಸಿ ಯಜಮಾನ್ರೇ. ಶಿವ ಕಾಯ್ತಾನೆ, ಬಿ.ಪಿ. ಕಾಯಲ್ಲ!”

“ಆಯ್ತು ಮಾರಾಯ್ತಿ, ಗದರಬೇಡ,” ಎನ್ನುತ್ತಾರೆ ಅವರು, ಸೊಟ್ಟ ಬಾಯಲ್ಲೇ ನಗುತ್ತ.

ಪೂಜೆಯಾಗದೆ ಹನಿ ನೀರೂ ಮುಟ್ಟದ ಮನೆ. ಆದ್ದರಿಂದ ಮೊದಲು ಪೂಜೆ, ಆಮೇಲೆ ಮಾತ್ರೆ, ಆಮೇಲೆ ಬಿ.ಪಿ.

ಐವತ್ತೆರಡರ ಪದ್ಮಮ್ಮ ದಿನಕ್ಕೆ ಇಂಥ ಹನ್ನೊಂದು ಮನೆ ಸುತ್ತುತ್ತಾರೆ. ಶಿವಮೊಗ್ಗದ ದುರ್ಗಿಗುಡಿಯ ಕ್ಲಿನಿಕ್ಕೊಂದರಲ್ಲಿ ಆಯಾ ಆಗಿದ್ದವರು ನರ್ಸುಗಳ ಬೆನ್ನುಬಿದ್ದು ಬಿ.ಪಿ. ನೋಡಲು ಕಲಿತರು. ಒಮ್ಮೆ ಲಕ್ವ ಹೊಡೆದವರಿಗೆ ಮತ್ತೊಮ್ಮೆ ಹೊಡೆಯಬಾರದು, ಹೃದಯ ಕೈಕೊಡಬಾರದು, ಅಷ್ಟೇ ಅವರ ಹಟ. ನರದ ಡಾಕ್ಟರು, ಹಾರ್ಟಿನ ಡಾಕ್ಟರು, ಶುಗರಿನ ಡಾಕ್ಟರು ಬರೆದದ್ದನ್ನೆಲ್ಲ ಒಂದೇ ನೋಟ್‌ಬುಕ್ಕಿಗೆ ಇಳಿಸಿ ಮೂವರಿಗೂ ತೋರಿಸುತ್ತಾರೆ. ಯಾರು ಕದ್ದು ಬೀಡಿ ಸೇದಿದರು, ಯಾರ ತಟ್ಟೆಯಲ್ಲಿ ಉಪ್ಪಿನಕಾಯಿ ಇತ್ತು, ಅದೂ ಅದರಲ್ಲಿರುತ್ತದೆ. ರೋಗಿಗಳ ಪಾಲಿಗೆ ಇವರು ಸಿ.ಐ.ಡಿ.ಯೇ ಸರಿ!

ಈ ಹಟ ಸುಮ್ಮನೆ ಬಂದದ್ದಲ್ಲ. ಪತಿ ಜಂಬಣ್ಣ ಮಾಚೇನಹಳ್ಳಿಯ ವರ್ಕ್‌ಷಾಪಿನಲ್ಲಿ ಲೇತ್ ಕೆಲಸದವರು. ಒಂಬತ್ತು ವರ್ಷದ ಹಿಂದೆ ಅವರಿಗೂ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಪೂಜೆಗೆ ಇನ್ನೊಬ್ಬರ ಕೈ ಹಿಡಿಯಲು ಆ ಸ್ವಾಭಿಮಾನಿ ಒಪ್ಪಲಿಲ್ಲ. ಪದ್ಮಮ್ಮ ಮಾತ್ರೆ, ನೀರು ಪಕ್ಕದಲ್ಲಿಟ್ಟು ಕ್ಲಿನಿಕ್ಕಿಗೆ ಏಳೂವರೆಯ ಬಸ್ಸು ಹಿಡಿದರೆ, ಅವರು ಬಾಗಿಲು ಹಾಕಿಕೊಂಡು ಒಬ್ಬರೇ ಒದ್ದಾಡುತ್ತಿದ್ದರು. ಪೂಜೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಬೆಳಗಿನ ಮಾತ್ರೆಯನ್ನು ಆ ಹೊತ್ತಿನಲ್ಲಿ ನುಂಗಬಾರದೆಂದುಕೊಂಡು ತೆಗೆದಿಟ್ಟುಬಿಡುತ್ತಿದ್ದರು. ಹೆಂಡತಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆಂದು ಬಾಯಿ ಬಿಡಲಿಲ್ಲ.

ಏಳನೇ ತಿಂಗಳಿಗೆ ಎರಡನೇ ಸಲ ಹೊಡೆಯಿತು. ಆ ಸಲ ಆಸ್ಪತ್ರೆಯವರೆಗೂ ಉಳಿಯಲಿಲ್ಲ.

“ಕಾರ್ಯ ಎಲ್ಲ ಮುಗಿದ್ಮೇಲೆ ವಿಭೂತಿ ಡಬ್ಬಿ ತೆಗೆದೆ. ಬೊಗಸೆ ತುಂಬ ಮಾತ್ರೆ. ಅಯ್ಯೋ, ಊರವ್ರಿಗೆಲ್ಲ ಮಾತ್ರೆ ಕೊಡೋಳು ನಾನು!” ಪದ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಎಂಟು ವರ್ಷವಾದರೂ ಆ ಸಂಕಟ ಆರಿಲ್ಲ.

ಇಂದು ಷಡಕ್ಷರಪ್ಪನವರ ಬಿ.ಪಿ. ನೂರಾ ಮೂವತ್ತು. ಅದನ್ನು ಬರೆದುಕೊಂಡು, ಮುಂದಿನ ಮನೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ಬಾಗಿಲಲ್ಲೇ ನಿಲ್ಲುತ್ತಾರೆ.

“ನಂಗೇನ್ ಆಸೆ ಸ್ವಾಮಿ. ಡಾಕ್ಟ್ರು ಚೀಟೀಲಿ ‘ಬೆಳಿಗ್ಗೆ ಒಂದು’ ಅಂತ ಬರೀತಾರೆ. ನಿಮ್ಮನೇಲಿ ಬೆಳಿಗ್ಗೆ ಬಾಯಿಗೆ ನೀರು ಬೀಳೋದು ಎಷ್ಟೊತ್ತಿಗೆ ಅಂತ ಯಾರಾದ್ರೂ ಒಬ್ರು ಕೇಳಿದ್ರೆ ಸಾಕು. ನಮ್ಮನೇವ್ರನ್ನ ನಾನೂ ಕೇಳ್ಲಿಲ್ಲ.”