ಹಿತ್ತಲ ಗೋಡೆಯ ಪಾಯ

ಹೋದ ತಿಂಗಳು ಇನ್‌ಸ್ಪೆಕ್ಟರು ನಮ್ಮ ಶಾಲೆಗೆ ಬರುತ್ತಾರೆಂದು ತಿಳಿದು, ಹಿತ್ತಲ ಕೋಣೆಯ ಪೆಟ್ಟಿಗೆಯಿಂದ ನನ್ನ ಕರಿಕೋಟನ್ನು ಹೊರತೆಗೆದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಬೆನ್ನಿನ ಮೇಲೆಲ್ಲ ಬೂಷ್ಟು.

“ಆ ಕೋಣೇಲಿ ಏನಿಟ್ರೂ ಹೀಗೇ. ಎಲ್ಲಾ ಆ ಮೇಸ್ತ್ರಿ ಕೈಗುಣ,” ಎಂದಳು ನನ್ನ ಹೆಂಡತಿ, ಕೋಟನ್ನು ಬಿಸಿಲಿಗೆ ಹಾಕುತ್ತ. ಐದು ವರ್ಷದಿಂದ ಅವಳು ಹೀಗೆ ಅನ್ನುತ್ತಿದ್ದಾಳೆ, ನಾನು ಹೂಂ ಅನ್ನುತ್ತಿದ್ದೇನೆ. ಅಂದೇಕೋ ಹೂಂ ಅನ್ನದೆ ಹಿತ್ತಲ ಕೋಣೆಗೆ ಹೋಗಿ, ಗೋಡೆಯ ಬಿರುಕಿನಲ್ಲಿ ಬೆರಳಿಟ್ಟು ನೋಡಿದೆ.

ನೀವು ಮನೆ ಕಟ್ಟಿಸಿದ್ದೀರೋ ಇಲ್ಲವೋ ನಾನರಿಯೆ. ಕಟ್ಟಿಸಿದ್ದರೆ, ಆ ದಿನಗಳಲ್ಲಿ ಮನುಷ್ಯನಿಗೆ ಎಂಥ ಜಂಬ ಬರುತ್ತದೆಂದು ಬಲ್ಲಿರಿ. ನಾನು ಕಟ್ಟಿಸಿದ್ದು ಯುದ್ಧದ ಕಾಲದಲ್ಲಿ. ಹೊಸಕೋಟೆಯಲ್ಲಿ ಸಿಮೆಂಟು ಕಣ್ಣಿಗೂ ಬೀಳುತ್ತಿರಲಿಲ್ಲ, ಸುಣ್ಣದ ಗಾರೆಯೇ ಗತಿ. ದಿನವೂ ಶಾಲೆ ಬಿಟ್ಟೊಡನೆ ನಾನು ಅಲ್ಲಿಗೆ ಹೋಗಿ, ಕೊಡೆಯ ತುದಿಯಿಂದ ಇಟ್ಟಿಗೆಗಳನ್ನು ತಟ್ಟಿ ನೋಡುತ್ತಿದ್ದೆ. ಹಾಗೆ ತಟ್ಟಿದರೆ ಏನು ತಿಳಿಯಬೇಕು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೇಸ್ತ್ರಿ ಹುಸೇನ್ ಸಾಬರು ಸಮೇತನಹಳ್ಳಿಯವರು. ಮಿತಭಾಷಿ. ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ನುಣುಪು ಸಾಲದೆನಿಸಿದರೆ ಮತ್ತೊಂದು ದಿನ ಅರೆಸುವವರು. ಮುಂದಿನ ಕೋಣೆಗಳೆಲ್ಲ ಎದ್ದ ಮೇಲೆ, ಹಿತ್ತಲ ಕೋಣೆಯ ಗೋಡೆಗೆ ಪಾಯ ತೋಡಿಸುವಾಗ ಅವರು ಕೆಲಸ ನಿಲ್ಲಿಸಿಬಿಟ್ಟರು. ಅಲ್ಲಿ ಹಿಂದೆ ತಿಪ್ಪೆಗುಂಡಿ ಇತ್ತಂತೆ. ತೋಡಿದಷ್ಟೂ ಬೂದಿ, ಕೊಳೆತ ಹುಲ್ಲು, ಸಡಿಲ ಮಣ್ಣು.

“ಗಟ್ಟಿ ನೆಲ ಸಿಗೋವರ್ಗೂ ತೋಡ್ಬೇಕು ಮೇಷ್ಟ್ರೇ. ಮಗಳ ಮದುವೆ ಮುಗಿಸ್ಕೊಂಡು ಹತ್ತು ದಿನಕ್ಕೆ ಬಂದ್ಬಿಡ್ತೀನಿ. ಅಲ್ಲೀವರ್ಗೂ ಕಲ್ಲು ಇಡಿಸ್ಬೇಡಿ,” ಎಂದು ಹೇಳಿ ಊರಿಗೆ ಹೋದರು.

ನಾನೋ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿ, ಕರೆಯೋಲೆ ಅಚ್ಚು ಹಾಕಿಸಿ, ಕಂಡಕಂಡವರಿಗೆಲ್ಲ ಹಂಚಿದ್ದೆ. ಹತ್ತು ದಿನ ಹತ್ತು ವರ್ಷದಂತೆ ಕಂಡಿತು. ನಾಲ್ಕನೆಯ ದಿನವೇ ಕೂಲಿಯವರನ್ನು ಕರೆಸಿ, ಆ ಸಡಿಲ ಮಣ್ಣಿನ ಮೇಲೇ ಕಲ್ಲು ಕೂರಿಸಿ, ಪಾಯ ಮುಚ್ಚಿಸಿಬಿಟ್ಟೆ.

ಸಾಬರು ಬಂದು ನೋಡಿದರು. “ಗಟ್ಟಿ ನೆಲ ಸಿಕ್ತಾ ಮೇಷ್ಟ್ರೇ?”

“ಸಿಕ್ತು.”

“ಎಷ್ಟಾಳಕ್ಕೆ?”

“ಎದೆಮಟ್ಟ,” ಎಂದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ನಾನು. ಸಾಬರು ನಂಬಿದರು. ನಂಬಿ ಗೋಡೆ ಎಬ್ಬಿಸಿದರು.

ಮೊದಲ ಮಳೆಗಾಲಕ್ಕೇ ಗೋಡೆಯಲ್ಲಿ ಮೊಣಕಾಲೆತ್ತರ ತೇವ ಏರಿತು. ಗಾರೆ ಹೊಪ್ಪಳಿಕೆ ಎದ್ದು ಉದುರತೊಡಗಿತು. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಸೂರಿನವರೆಗೂ ಹೋಯಿತು. ನನ್ನ ಮಾವನವರು ಸಾಬರನ್ನು ಕರೆಸಿದರು. ಅಂಗಳದಲ್ಲಿ ಊರಿನ ಏಳೆಂಟು ಜನ ಸೇರಿದ್ದರು. ಸಾಬರಿಗೆ ಹೊಸ ಅಂಗಡಿಯ ಕೆಲಸ ಒಪ್ಪಿಸಿದ್ದ ಜವಳಿ ಶೆಟ್ಟರೂ ಇದ್ದರು.

“ಗಾರೇಲಿ ಸುಣ್ಣ ಹಾಕಿದ್ಯೇನಯ್ಯಾ, ಬರೀ ಮರಳೋ?” ಎಂದರು ಮಾವ.

ಸಾಬರು ನನ್ನತ್ತ ತಿರುಗಿ, “ಮೇಷ್ಟ್ರೇ, ಪಾಯಕ್ಕೆ ಗಟ್ಟಿ ನೆಲ ಸಿಕ್ಕಿತ್ತಲ್ವಾ?” ಎಂದರು.

ಎಲ್ಲರೂ ನನ್ನ ಮುಖ ನೋಡಿದರು.

“ಸಿಕ್ಕಿತ್ತು,” ಎಂದೆ.

ಸಾಬರು ತಲೆಬಾಗಿಸಿ ಹೊರಟುಹೋದರು. ಶೆಟ್ಟರು ಅಂಗಡಿಗೆ ಬೇರೆ ಮೇಸ್ತ್ರಿಯನ್ನು ಗೊತ್ತುಮಾಡಿದರು. ಆಮೇಲೆ ಊರಿನಲ್ಲಿ ಯಾರೂ ಸಾಬರನ್ನು ಕರೆಯಲಿಲ್ಲ.

ಕೋಟು ಒಣಗಲು ಹಾಕಿದ ಆ ವಾರವೇ, ಭಾನುವಾರ, ಸಮೇತನಹಳ್ಳಿಗೆ ಹೋದೆ. ಸಾಬರು ಮನೆಯ ಜಗಲಿಯ ಮೇಲೆ ಕೂತು ಚಾಪೆ ಹೆಣೆಯುತ್ತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

“ಬಿರುಕು ಈಗೆಷ್ಟಾಗಿದೆ?”

“ಬೆರಳು ಹೋಗುತ್ತೆ.”

“ಆ ಗೋಡೆ ಕೆಡವಿಸಿ ಮೇಷ್ಟ್ರೇ. ಮಕ್ಕಳುಮರಿ ಇರೋ ಮನೆ.” ಚಾಪೆಯ ಎಳೆಯೊಂದನ್ನು ಬಿಗಿದು ಮತ್ತೆ ಹೇಳಿದರು: “ತಪ್ಪು ನಂದಲ್ಲ ಅಂತ ನನಗೆ ಗೊತ್ತೇ ಇತ್ತು. ನನ್ನ ಹತ್ರ ಹೇಳಿ ಏನ್ ಮಾಡ್ತೀರಾ? ಅವತ್ತು ಅಂಗಳದಲ್ಲಿ ಇದ್ರಲ್ಲ, ಅವರಿಗೆ ಹೇಳಿ.”

ಮೊದಲು ಹೆಂಡತಿಗೆ ಹೇಳಿದೆ. ಅವಳು “ಐದು ವರ್ಷ ನನ್ನ ಬಾಯಿಂದ ಆ ಮಾತು ಆಡಿಸಿದ್ರಲ್ರೀ,” ಎಂದಳು. ಮಾವನವರು ಈಗಿಲ್ಲ. ಅಂದು ಅಂಗಳದಲ್ಲಿದ್ದ ಇಬ್ಬರು ಊರು ಬಿಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಜವಳಿ ಶೆಟ್ಟರ ಅಂಗಡಿಗೆ ಹೋಗಿ, ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ವಿಷಯ ಎಂದು ಮಾತು ಶುರುಮಾಡಿದೆ.

ಶೆಟ್ಟರು ಗಜಕಡ್ಡಿ ಕೆಳಗಿಟ್ಟು ನಕ್ಕರು. “ಯಾರು, ಆ ಗೋಡೆ ಕೆಡಿಸಿದೋನಾ? ಹೆಸರೇನೋ ಇತ್ತಲ್ಲ ಅವನದು?”

ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಅವರಿಗೂ ಕೇಳಿಸುವಂತೆ ಮೊದಲು ಹುಸೇನ್ ಸಾಬರ ಹೆಸರು ಹೇಳಿದೆ. ಆಮೇಲೆ, ಗೋಡೆ ಕೆಡಿಸಿದವನು ನಾನು ಎಂದೆ.